ಎಣ್ಣೆ ಬಾಟ್ಲಿಯ ಮೇಲಿನ ಚೀಟಿ

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ಒಬ್ಬ ಪೂರ್ತಿ ಮನುಷ್ಯ ಎದ್ದು ನಿಲ್ಲುತ್ತಾನೆ, ಅಷ್ಟು ಪೂರ್ತಿಯಾಗಿ ಅವರು ನನಗೆ ಗೊತ್ತಿರಲಿಲ್ಲ.

ತೀರಿಕೊಂಡ ಸುದ್ದಿ ಬಂದಾಗ ನಾನು ಹಾವೇರಿಯ ಕಚೇರಿಯಲ್ಲಿ ಕಂಪ್ಯೂಟರಿನ ಎದುರು ಕುಳಿತಿದ್ದೆ. ಪರದೆಯ ಮೇಲೆ ಒಂದು ಕಾರ್ಖಾನೆಯ ಪೈಪಿನಿಂದ ಹೊರಬೀಳುವ ನೀರಿನ ಅಂಕಿಗಳು ಹಸಿರು ಬಣ್ಣದಲ್ಲಿ ಓಡುತ್ತಿದ್ದವು. ಈಗ ಹಾಗೆ. ಪೈಪಿಗೆ ಯಂತ್ರ ಕಟ್ಟಿದ್ದಾರೆ, ನೀರು ತನ್ನ ವರದಿಯನ್ನು ತಾನೇ ಕಳಿಸುತ್ತದೆ. ಹಳೆಯ ಜವಾನ ಬಾಗಿಲಲ್ಲಿ ನಿಂತು, "ಮೇಡಂ, ಬಾಟ್ಲಿ ಕಾಕಾ ತೀರ್ಕೊಂಡ್ರಂತ್ರಿ" ಎಂದ. ಆ ಕ್ಷಣ ನನಗೆ ದುಃಖವಾಯಿತು ಎಂದು ಬರೆಯಬಹುದಿತ್ತು. ಮೊದಲು ಆದದ್ದು ದುಃಖವಲ್ಲ. ನಾನು ನನ್ನ ಬಲಗೈಯ ಬೆರಳುಗಳನ್ನು ನೋಡಿಕೊಂಡೆ.

ನಮ್ಮ ಕೆಲಸ ಏನೆಂದು ಹೇಳುವುದು ಸುಲಭ. ಕಾರ್ಖಾನೆಯವರು ತಮ್ಮ ಹೊಲಸು ನೀರನ್ನು ಶುದ್ಧ ಮಾಡಿ ನದಿಗೋ ಕೆರೆಗೋ ಬಿಡಬೇಕೆಂದರೆ ಸರಕಾರದ ಅನುಮತಿ ಪತ್ರ ಬೇಕು. ಅದರಲ್ಲಿ ಷರತ್ತುಗಳಿರುತ್ತವೆ, ಪ್ರತಿಯೊಂದಕ್ಕೂ ಮಿತಿ ಇರುತ್ತದೆ, ಅವಧಿ ಮುಗಿದಾಗ ನವೀಕರಣವಾಗಬೇಕು. ನವೀಕರಣಕ್ಕೆ ಮೊದಲು ಯಾರಾದರೂ ಹೋಗಿ ಆ ನೀರನ್ನು ಬಾಟ್ಲಿಗಳಲ್ಲಿ ತುಂಬಿ, ಕಾರ್ಖಾನೆಯವರ ಎದುರೇ ಮುದ್ರೆ ಹಾಕಿ, ಅವರ ಸಹಿ ತೆಗೆದುಕೊಂಡು, ಧಾರವಾಡದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನಮ್ಮ ಕಚೇರಿಯಲ್ಲಿ ಆ 'ಯಾರಾದರೂ' ಅವರೇ. ಹುದ್ದೆಯಲ್ಲಿ ನನಗಿಂತ ಕೆಳಗೆ, ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರು. ಮಂದಿಯ ಎದುರು ನನ್ನನ್ನು ಮೇಡಂ ಅನ್ನುತ್ತಿದ್ದರು, ಬಸ್ಸಿನಲ್ಲಿ ತಂಗೀ.

ನೋಡಲು ಹೇಗಿದ್ದರು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಎತ್ತರದ ಆಳು ಎಂದು ಬರೆದಿದ್ದೆ. ಬೀಳ್ಕೊಡುಗೆಯ ಫೋಟೋ ತೆಗೆದು ನೋಡಿದರೆ ನನ್ನ ಕಿವಿಯ ಮಟ್ಟಕ್ಕೆ ಇದ್ದಾರೆ. ಖಚಿತವಾಗಿ ಹೇಳಬಲ್ಲದ್ದು ಒಂದೇ: ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಒಂದು ಮಡಿಕೆ ಮೇಲಿರುತ್ತಿತ್ತು. ನೀರಿಗೆ ಮೊದಲು ಇಳಿಯುತ್ತಿದ್ದದ್ದು ಎಡಗಾಲು. ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತಾಗಲೂ ಆ ಮಡಿಕೆ ಬಿಚ್ಚುತ್ತಿರಲಿಲ್ಲ.

ಮಂಜುಗಡ್ಡೆಯನ್ನು ರಾಣೇಬೆನ್ನೂರಿನ ಐಸ್‌ಕ್ಯಾಂಡಿ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಬಾಟ್ಲಿಗಳು ಧಾರವಾಡ ಮುಟ್ಟುವತನಕ ತಂಪಾಗಿರಬೇಕು, ಇಲ್ಲದಿದ್ದರೆ ಒಳಗಿನ ನೀರು ಬೇರೆಯದೇ ಆಗಿಬಿಡುತ್ತದೆ. ಅಂಗಡಿಯವನು ಗಡ್ಡೆ ಒಡೆದು ಬಾಟ್ಲಿಗಳ ಪೆಟ್ಟಿಗೆಗೆ ಸುರಿಯುತ್ತ ಪ್ರತಿ ಸಲ ಅದೇ ಚೇಷ್ಟೆ ಮಾಡುತ್ತಿದ್ದ:

"ಇವತ್ತ ಯಾವ ಬ್ರ್ಯಾಂಡ್ ರೀ ಕಾಕಾ?"

"ದೇಸಿ ಮಾಲ್ ಐತಿ. ಒಂದು ಗುಟುಕು ಹಾಕ್ತೀಯೇನು? ಹಾಕಿದ ಮ್ಯಾಲೆ ನಿನ್ನ ಹೆಂಡ್ತಿಗೂ ನಿನ್ನ ಗುರುತು ಸಿಗಂಗಿಲ್ಲ."

ಬಸ್ಸಿನ ಕಂಡಕ್ಟರ್‌ಗಳಿಗೆ ಆ ಪೆಟ್ಟಿಗೆಯೆಂದರೆ ಆಗದು. ಒಬ್ಬ ಹೊಸಬ ಮೂಗು ಮುಚ್ಚಿಕೊಂಡು, "ಏನ್ರಿ ಇದು, ಮೀನೇನ್ರಿ? ಇಳಸ್ರಿ, ಇಳಸ್ರಿ" ಎಂದ. ಇವರು ಬಹಳ ಮರ್ಯಾದೆಯಿಂದ ಹೇಳಿದರು: "ಮೀನಲ್ಲಪಾ. ಕಾರ್ಖಾನಿ ಉಚ್ಚಿ. ಡಾಕ್ಟರಿಗೆ ತೋರಸಾಕ ಒಯ್ಯಾಕತ್ತೇನಿ. ನಿಂದೂ ಇದ್ರ ಕೊಡು." ಇಡೀ ಬಸ್ಸು ನಕ್ಕಿತು. ಆ ದಿನ ನಾನು ಆ ಬಸ್ಸಿನಲ್ಲಿದ್ದೆನೋ, ಅವರ ಬಾಯಿಂದ ಕೇಳಿದ್ದೋ, ಈಗ ಬಿಡಿಸಿ ಹೇಳಲಾರೆ. ನಗು ಮಾತ್ರ ನನ್ನ ಕಿವಿಯಲ್ಲಿದೆ.

ಗಳಗನಾಥಕ್ಕೆ ವರ್ಷದಲ್ಲಿ ಒಂದೆರಡು ಸಲ ಹೋಗಿ, ವರದೆ ತುಂಗಭದ್ರೆಗೆ ಸೇರುವಲ್ಲಿಂದ ಒಂದು ಬಾಟ್ಲಿ ನೀರು ತಂದು ಮೇಜಿನ ಮೇಲೆ ಇಡುತ್ತಿದ್ದರು. ಯಾವ ಫೈಲಿಗೂ ಅದರ ಅಗತ್ಯವಿರಲಿಲ್ಲ. ಯಾಕೆಂದು ಕೇಳಿದರೆ, "ದಿನಾ ಹೊಲಸ ನೋಡಿ ನೋಡಿ ಕಣ್ಣು ರೂಢಿ ಆಗ್ತಾವ ತಂಗೀ. ಹಂಗ ಆಗಬಾರ್ದು" ಎಂದರು.

ಮತ್ತೆ ಆ ಚೀಟಿ. ಪ್ರತಿ ಬಾಟ್ಲಿಗೂ ಒಂದು ಚೀಟಿ ಅಂಟಿಸಬೇಕು: ಸ್ಥಳ, ದಿನ, ಸಮಯ, ಹವಾಮಾನ, ನೀರಿನ ಬಣ್ಣ, ಹಾಜರಿದ್ದವರ ಸಹಿ. ಇಷ್ಟೇ ಅಚ್ಚಾಗಿ ಬರುತ್ತಿತ್ತು. ಇವರು ಕೆಳಗೆ ಪೆನ್ನಿನಿಂದ ಗೆರೆ ಎಳೆದು ಇನ್ನೊಂದು ಕಾಲಂ ಸೇರಿಸುತ್ತಿದ್ದರು: 'ನಿಂತ ಸ್ಥಳ.' ಪೈಪಿನ ಎಡಕ್ಕೋ ಬಲಕ್ಕೋ, ಎಷ್ಟು ಹೆಜ್ಜೆ ದೂರ, ಕಾಲು ನೀರಿನಲ್ಲಿತ್ತೋ ದಂಡೆಯ ಮೇಲಿತ್ತೋ, ಎಷ್ಟು ಹೊತ್ತಿನಿಂದ ಅಲ್ಲಿದ್ದರು, ಎಲ್ಲ. ನಮ್ಮ ಕಚೇರಿಯ ಸಾಹೇಬರಿಗೆ ಇದು ರೇಜಿಗೆ.

"ಇದನ್ನ ಯಾರು ಓದ್ತಾರ್ರೀ?"

"ಯಾರೂ ಓದಂಗಿಲ್ರಿ ಸಾಹೇಬ್ರ. ಆದರ ನಾ ಎಲ್ಲಿ ನಿಂತು ನೋಡೇನಿ ಅನ್ನೂದು ಗೊತ್ತಿಲ್ಲದ, ನಾ ನೋಡಿದ್ದನ್ನ ಹೆಂಗ ನಂಬ್ತೀರಿ?"

ಇನ್ನು ಬ್ಯಾಡಗಿಯ ಸಂಗತಿ. ಇಲ್ಲಿಯತನಕ ಬರೆದದ್ದು ಅಲ್ಲಿಗೆ ಹೋಗುವುದನ್ನು ತಡಮಾಡುವ ಉಪಾಯ.

ಬ್ಯಾಡಗಿಯ ಊರಾಚೆ ಮೆಣಸಿನಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುವ ಒಂದು ಘಟಕವಿತ್ತು, ಈಗಲೂ ಇದೆ. ಅದರ ಪೈಪು ಹಿಂದಿನ ಹಳ್ಳಕ್ಕೆ ಬಿದ್ದು, ಹಳ್ಳ ಒಂದು ಕೆರೆಗೆ ಸೇರುತ್ತದೆ. ಕೆರೆಯ ದಂಡೆಯ ಊರಿನಲ್ಲಿ ಅವರ ಅಕ್ಕನ ಮನೆ. ಅಕ್ಕ ಎರಡು ಎಮ್ಮೆ ಸಾಕಿದ್ದಳು. ಕೆರೆಗಿಳಿದು ಬಂದ ಎಮ್ಮೆಗಳು ಗೋಡೆಗೆ ಮೈ ತಿಕ್ಕುತ್ತಿದ್ದವು, ಬಟ್ಟೆ ಒಗೆದ ಹೆಂಗಸರ ಕೈ ಉರಿಯುತ್ತಿತ್ತು. ಆಕೆ ಆಗಾಗ ಒಂದು ಬಾಟ್ಲಿಯಲ್ಲಿ ಕೆರೆಯ ನೀರು ತುಂಬಿ ಹಾವೇರಿ ಬಸ್ಸಿನ ಡ್ರೈವರನ ಕೈಯಲ್ಲಿ ತಮ್ಮನಿಗೆ ಕಳಿಸುತ್ತಿದ್ದಳು. ಜೊತೆಗೆ ಮಾತು: "ನಿನ್ನ ಸರಕಾರಕ್ಕ ಕುಡಸು."

ಆದರೆ ಅಕ್ಕ ಕಳಿಸಿದ ನೀರು ಕಾನೂನಿಗೆ ಆಗುವುದಿಲ್ಲ. ಪೈಪಿನ ಬಾಯಲ್ಲಿ, ಘಟಕದ ಮ್ಯಾನೇಜರ್ ಎದುರಿಗೇ ತುಂಬಿದ ನೀರೇ ಬೇಕು. ಮ್ಯಾನೇಜರ್ ಬರಬೇಕೆಂದರೆ ಗೇಟಿಗೆ ಹೋಗಿ ಹೇಳಬೇಕು. ಗೇಟಿಗೆ ಹೋದರೆ ಕುರ್ಚಿ ಹಾಕುತ್ತಿದ್ದರು, ಚಹಾ ತರಿಸುತ್ತಿದ್ದರು, ಪೇಟೆಯಿಂದ ಎಣ್ಣೆಯಲ್ಲಿ ಕರಿದ ಬಿಸಿ ಮಿರ್ಚಿ ಭಜಿ ಬರುತ್ತಿತ್ತು. ಹೀಗೆ ಉಪಚಾರ ನಡೆದಿರುವಾಗಲೇ ಒಳಗೆ ಯಾರೋ ಬೋರಿನ ನೀರನ್ನು ಪೈಪಿಗೆ ತಿರುಗಿಸುತ್ತಿದ್ದರು. ನಾವು ಹಿಂದೆ ಹೋಗಿ ನೋಡುವ ಹೊತ್ತಿಗೆ ಪೈಪು ಸ್ನಾನ ಮಾಡಿ ಕುಳಿತಿರುತ್ತಿತ್ತು.

"ಮಿರ್ಚಿ ಬಂತಂದ್ರ ನೀರು ಬಿಟ್ಟಾರ ಅಂತ ತಿಳ್ಕೊ" ಎನ್ನುತ್ತಿದ್ದರು. ಬಾಟ್ಲಿಗೆ ಮುದ್ರೆ ಬೀಳುವತನಕ ಏನನ್ನೂ ತಿನ್ನಬಾರದು ಎನ್ನುವುದು ಅವರ ನೇಮ. ಪರೀಕ್ಷೆಗೆ ಹೋಗುವ ಬಾಟ್ಲಿಗಳಲ್ಲಿ ಎಣ್ಣೆಯ ಅಂಶ ನೋಡಲೆಂದೇ ಒಂದು ಅಗಲ ಬಾಯಿಯ ಗಾಜಿನ ಬಾಟ್ಲಿ ಇರುತ್ತದೆ. ಉಳಿದವನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬುತ್ತಾರೆ, ಇದನ್ನು ಮಾತ್ರ ಗಲಬರಿಸುವಂತಿಲ್ಲ, ಬಾಯಿಗೆ ಬೆರಳು ತಾಗಿಸುವಂತಿಲ್ಲ. ಒಂದೇ ಸಲ ತುಂಬಿ ಮುಚ್ಚಬೇಕು.

ಆ ಸಲ ನವೀಕರಣದ ಅರ್ಜಿ ಬಂದಾಗ ಅವರೊಂದು ಉಪಾಯ ಮಾಡಿದರು. ಪೆಟ್ಟಿಗೆಯನ್ನು ನನಗೆ ಕೊಟ್ಟು ಗೇಟಿಗೆ ಕಳಿಸಿ, ತಾವು ಒಂದು ಸ್ಟಾಪು ಮೊದಲೇ ಇಳಿದು ಹೊಲದ ಬದುವಿನ ಮೇಲೆ ನಡೆದು ಹಳ್ಳದಲ್ಲಿ ಪೈಪಿನ ಎದುರು ನಿಂತರು. ಕೆಂಪು ನೀರು ಬೀಳತೊಡಗಿದ ಕೂಡಲೇ ನನಗೆ ಫೋನು ಮಾಡಬೇಕು, ನಾನು ಮ್ಯಾನೇಜರನನ್ನು ಎಬ್ಬಿಸಿಕೊಂಡು ಹಿಂದಕ್ಕೆ ಬರಬೇಕು.

ನಾನು ಕುರ್ಚಿಯ ಮೇಲೆ ಕುಳಿತೆ. ಚಹಾ ಬಂತು. ಮಿರ್ಚಿ ಬಂತು. ಮ್ಯಾನೇಜರ್ ಪೇಪರಿನ ಪೊಟ್ಟಣ ಬಿಚ್ಚಿ ಮುಂದೆ ಸರಿಸಿ, "ಒಂದಾದ್ರೂ ತಗೋರಿ ಮೇಡಂ. ನಾವೇನು ನಿಮ್ಮ ವೈರಿಗಳೇನ್ರಿ?" ಎಂದ. ಬೆಳಿಗ್ಗೆ ಮನೆಯಿಂದ ಏನೂ ತಿನ್ನದೆ ಹೊರಟಿದ್ದೆ. ಒಂದು ತಿಂದೆ. ಒಂದು ಎಂದೇ ಮುಂದೆ ಅವರಿಗೆ ಹೇಳಿದ್ದು. ಈಗ ಎರಡು ಎಂದು ನೆನಪು. ಫೋನು ಬಂತು. ಪೇಪರಿಗೆ ಕೈ ಒರೆಸಿ ಎದ್ದೆ.

ಹಳ್ಳದಲ್ಲಿ ಅವರು ಮೊಣಕಾಲಿನತನಕ ನೀರಿನಲ್ಲಿದ್ದರು. ನಾವು ಗೇಟಿನಿಂದ ಸುತ್ತಿ ಬರುವಷ್ಟರಲ್ಲಿ ಒಳಗಿನವರು ಬೋರಿನ ನೀರು ತಿರುಗಿಸಿಯೂ ಆಗಿತ್ತು, ಕೆಂಪು ಅರ್ಧ ತಿಳಿಯಾಗಿತ್ತು. ಅವರು "ಲಗೂ, ಲಗೂ" ಎಂದು ಕೈ ಚಾಚಿದರು. ನಾನು ದಂಡೆಯಿಂದ ಒಂದೊಂದೇ ಬಾಟ್ಲಿ ಕೊಟ್ಟೆ. ಎಣ್ಣೆ ಬಾಟ್ಲಿಯ ಮುಚ್ಚಳವನ್ನು ನಾನೇ ತೆಗೆದು ಕೊಟ್ಟೆ. ಹೇಗೆ ಹಿಡಿದು ಕೊಟ್ಟೆ? ನಡುವಿನಲ್ಲಿ ಹಿಡಿದೆನೋ, ಬಾಯಿ ಹಿಡಿದೆನೋ. ಈ ಒಂದು ಕ್ಷಣವನ್ನು ಎಷ್ಟು ಸಲ ತಿರುಗಿ ನೋಡಿದ್ದೇನೆಂದರೆ, ಈಗ ಎರಡೂ ಬಗೆಯ ನೆನಪುಗಳು ನನ್ನಲ್ಲಿವೆ, ಎರಡೂ ಅಷ್ಟೇ ಸ್ಪಷ್ಟವಾಗಿ.

ವರದಿ ಬಂದಾಗ ಉಳಿದೆಲ್ಲ ಅಂಶಗಳು ಮಿತಿಯ ಅಂಚಿನಲ್ಲಿ, ಒಳಗೇ ಇದ್ದವು. ಎಣ್ಣೆಯೊಂದು ಮಾತ್ರ ಮಿತಿ ದಾಟಿತ್ತು, ತುಸುವೇ. ತುಸುವಾದರೂ ಸಾಕಿತ್ತು. ಸಾಹೇಬರು ಅನುಮತಿ ತಡೆಹಿಡಿಯುವ ನೋಟಿಸಿನ ಕರಡು ಬರೆಸಿದರು. ಕಚೇರಿಯಲ್ಲಿ ಎಲ್ಲರೂ ಅವರ ಬೆನ್ನು ತಟ್ಟಿದರು. ಅಕ್ಕನಿಗೂ ಹೇಗೋ ಸುದ್ದಿ ಮುಟ್ಟಿತು, ಬಸ್ಸಿನಲ್ಲಿ ಈ ಸಲ ನೀರಿನ ಬದಲು ಒಂದು ಗಿಂಡಿ ಎಮ್ಮೆಯ ಮೊಸರು ಬಂತು. ಅವರೊಬ್ಬರೇ ಆ ವರದಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಬಂದು ಕುಳಿತರು.

"ತಂಗೀ, ಅವತ್ತ ಗೇಟಿನ್ಯಾಗ ಏನರ ತಿಂದಿದ್ದೇನು?"

"ಒಂದ ಮಿರ್ಚಿ ರೀ."

"ಕೈ?"

"ಪೇಪರಿಗೆ ಒರಸಿದ್ದೆ."

"ಎಣ್ಣಿ ಬಾಟ್ಲಿ ಬಾಯಿಗೆ ಬೆರಳು ಹತ್ತಿತ್ತೇನು?"

"ನೆನಪಿಲ್ರಿ ಕಾಕಾ."

ಅವರು ಎದುರಿನ ಬಸ್ಸುಗಳ ಬೋರ್ಡು ಒಂದೊಂದಾಗಿ ಓದಿದರು. ಆಮೇಲೆ, "ನಿನಗ ನೆನಪಿಲ್ಲಂದ್ರ ಬಾಟ್ಲಿಗೂ ನೆನಪಿಲ್ಲ" ಎಂದರು.

"ಆದರ ನೀರು ಖರೇನ ಹೊಲಸ ಐತಲ್ರಿ! ನೀವ ನೋಡೀರಿ. ನಿಮ್ಮ ಅಕ್ಕಾರೂ ದಿನಾ ನೋಡಾಕತ್ತಾರ."

"ನೋಡೇನಿ. ನಾ ನೋಡಿದ್ದು ಬ್ಯಾರೆ, ಬಾಟ್ಲ್ಯಾಗ ಇದ್ದದ್ದು ಬ್ಯಾರೆ. ಬಾಟ್ಲ್ಯಾಗ ನಿನ್ನ ಮಿರ್ಚಿ ಇತ್ತೋ ಅವರ ಎಣ್ಣಿ ಇತ್ತೋ ನಮಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಸಹಿ ಹೆಂಗ ಹಾಕೂದು?"

ಮರುದಿನ ಅವರು ಸಾಹೇಬರ ಮುಂದೆ ಒಂದು ಕಾಗದ ಇಟ್ಟರು. 'ಮಾದರಿ ತೆಗೆಯುವ ಮೊದಲು ಘಟಕದ ಗೇಟಿನಲ್ಲಿ ನಾನು ಎಣ್ಣೆಯಲ್ಲಿ ಕರಿದ ಪದಾರ್ಥ ತಿಂದಿದ್ದು, ಕೈ ತೊಳೆಯದೆ ಬಾಟ್ಲಿ ಮುಟ್ಟಿರುವ ಸಂಭವವಿದೆ. ಈ ಮಾದರಿಯನ್ನು ಪರಿಗಣಿಸಬಾರದಾಗಿ ವಿನಂತಿ.' ನಾನು ಎಂದು ಬರೆದಿದ್ದರು. ತಿಂದವರು ತಾವೇ ಎಂಬ ಅರ್ಥದಲ್ಲಿ.

"ತಲಿ ಕೆಟ್ಟೈತೇನ್ರಿ ನಿಮಗ?" ಸಾಹೇಬರು ಕೂಗಿದರು. "ಅವರ ಗೇಟಿನ್ಯಾಗ ಕುಂತು ಮಿರ್ಚಿ ತಿಂದ್ರೇನ್ರಿ? ನೀವು?"

"ಹೌದ್ರಿ. ಹಸಿವಾಗಿತ್ತು."

ನಾನು ಅದೇ ಕೋಣೆಯಲ್ಲಿ ಫೈಲು ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹೊರಗೆ ಬಂದ ಮೇಲೆ "ನಾ ಹೇಳ್ತೀನ್ರಿ ಸಾಹೇಬ್ರಿಗೆ" ಎಂದೆ. "ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ತಂಗೀ. ನಂದು ಮುಗ್ಯಾಕ ಬಂದೈತಿ" ಎಂದರು. ಆಗ ನನಗೆ ಹಗುರಾಯಿತು. ಉಳಿದ ಯಾವ ನೆನಪಿನ ಮೇಲೂ ನನಗೆ ಭರವಸೆಯಿಲ್ಲ. ಆ ಹಗುರಾದದ್ದರ ಬಗ್ಗೆ ಮಾತ್ರ ಸಂಶಯವಿಲ್ಲ.

ಎರಡನೇ ಸಲ ಮಾದರಿ ತೆಗೆದರು. ಘಟಕದವರು ಎಚ್ಚೆತ್ತಿದ್ದರು, ಪೈಪಿನ ನೀರು ತಿಳಿಯಾಗಿತ್ತು. ಅನುಮತಿ ನವೀಕರಣವಾಯಿತು.

ಅದಾದ ಮೇಲೆ ಅಕ್ಕ ಕೆರೆಯ ಏರಿಯ ಮೇಲೆ ನಿಂತು, ಊರೆಲ್ಲ ಕೇಳುವಂತೆ ತಮ್ಮನನ್ನು ಕೂಗಿ ಕೇಳಿದಳಂತೆ: "ಏ, ಎರಡು ಮಿರ್ಚಿಗೆ ಕೆರಿ ಕೊಟ್ಟು ಬಂದಿ ಏನೋ? ಹಸಿವಾಗಿದ್ರ ನನ್ನ ಮನಿ ಎಲ್ಲಿತ್ತಂತ ಗೊತ್ತಿರಲಿಲ್ಲೇನು?" ಅಂದಿನಿಂದ ಆಕೆ ಮಾತು ಬಿಟ್ಟಳು. ಬಾಟ್ಲಿ ಕಾಕಾ ಎನ್ನುತ್ತಿದ್ದ ಮಂದಿ ಮಿರ್ಚಿ ಕಾಕಾ ಎನ್ನತೊಡಗಿದರು. ಬ್ಯಾಡಗಿ ಬಸ್ಸು ಬರುವ ಹೊತ್ತಿಗೆ ಅವರು ಏನೋ ನೆಪ ಮಾಡಿ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದರು. ಬರಿಗೈಯಲ್ಲಿ ಬಂದು, ಗಳಗನಾಥದ ಬಾಟ್ಲಿಯನ್ನು ಮೇಜಿನ ಮೇಲೆ ಇತ್ತಿಂದತ್ತ ಸರಿಸುತ್ತಿದ್ದರು.

ನಿವೃತ್ತಿಯ ದಿನ ಯಾರೋ ಚೇಷ್ಟೆಗೆಂದು ಚಹಾದ ಜೊತೆ ಮಿರ್ಚಿಯನ್ನೇ ತರಿಸಿದ್ದರು. ನಾನು ತಲೆ ಎತ್ತಲಿಲ್ಲ. ಅವರು ಒಂದು ಮಿರ್ಚಿಯನ್ನು ನಿಧಾನವಾಗಿ ತಿಂದು ಮುಗಿಸಿ, ಎದ್ದು ಹೋಗಿ, ಸಾಬೂನು ಹಚ್ಚಿ ಕೈ ತೊಳೆದು ಬಂದು ಎಲ್ಲರ ಕೈ ಕುಲುಕಿದರು. ನನ್ನ ಕೈ ಹಿಡಿದಾಗ ಅವರ ಕೈ ಇನ್ನೂ ಒದ್ದೆಯಾಗಿತ್ತು. "ಚಲೋತ್ನಂಗ ಇರವ್ವಾ" ಎಂದರು. ಅಷ್ಟೇ.

ನನಗೆ ಬೇರೆ ಬೇರೆ ಊರುಗಳಿಗೆ ವರ್ಗವಾಯಿತು. ಹೋದ ವರ್ಷ ಹಾವೇರಿಗೆ ಮರಳಿ ಬಂದೆ, ಸಾಹೇಬರ ಕುರ್ಚಿಗೇ. ಈಗ ಷರತ್ತು ಬರೆಯುವವಳು ನಾನು. ಅವರು ತೀರಿಕೊಂಡ ದಿನ ಪರದೆಯ ಮೇಲೆ ಓಡುತ್ತಿದ್ದ ಹಸಿರು ಅಂಕಿಗಳು ಅದೇ ಘಟಕದವು. ಅದರ ನವೀಕರಣದ ಅರ್ಜಿ ಮತ್ತೆ ಬಂದಿದೆ, ನನ್ನ ಮೇಜಿನ ಮೇಲಿದೆ. ಅಂಕಿಗಳ ಪ್ರಕಾರ ಎಲ್ಲವೂ ಮಿತಿಯೊಳಗೆ. ಆ ಯಂತ್ರ ಎಲ್ಲಿ ನಿಂತು ನೋಡುತ್ತದೆ ಎಂಬುದಕ್ಕೆ ಪರದೆಯಲ್ಲಿ ಕಾಲಂ ಇಲ್ಲ.

ಹಳೆಯ ಕಪಾಟಿನಿಂದ ಆ ವರ್ಷದ ಫೈಲು ತೆಗೆಸಿದೆ. ಅವರ ಕಾಗದ ಇತ್ತು. ಅದರ ಹಿಂದೆ, ಪ್ರಯೋಗಾಲಯದಿಂದ ವರದಿಯ ಜೊತೆ ಮರಳಿ ಬಂದ ಎಣ್ಣೆ ಬಾಟ್ಲಿಯ ಚೀಟಿಯನ್ನು ಪಿನ್ನು ಚುಚ್ಚಿ ಇಟ್ಟಿದ್ದರು, ಮಾಸಿದ ನೀಲಿ ಶಾಯಿ. ಕೊನೆಯ ಕಾಲಮ್ಮಿನಲ್ಲಿ ಅವರ ಅಕ್ಷರ: 'ನಿಂತ ಸ್ಥಳ: ಹಳ್ಳದೊಳಗೆ, ಪೈಪಿನ ಬಲಕ್ಕೆ ಮೂರು ಹೆಜ್ಜೆ, ಎರಡೂ ಕಾಲು ನೀರಿನಲ್ಲಿ. ಬಸ್ಸಿಳಿದು ನೇರ ಇಲ್ಲಿಗೇ ಬಂದು ಮಾದರಿ ಮುಗಿಯುವತನಕ ಇಲ್ಲೇ.'

ಗೇಟಿಗೆ ಅವರು ಕಾಲೇ ಇಟ್ಟಿರಲಿಲ್ಲ. ಕಾಗದ ಸುಳ್ಳು ಹೇಳುತ್ತದೆ, ಚೀಟಿ ನಿಜ ಹೇಳುತ್ತದೆ, ಎರಡೂ ಒಂದೇ ಪಿನ್ನಿನಲ್ಲಿವೆ. ಇಷ್ಟು ವರ್ಷ ಯಾರೂ ಎರಡನ್ನೂ ಒಟ್ಟಿಗೆ ಓದಿರಲಿಲ್ಲ. ಬೇಕೆಂದೇ ಹಾಗೆ ಇಟ್ಟರೇ, ಅಥವಾ ಸುಳ್ಳು ಬರೆಯಲು ಅಭ್ಯಾಸವಿಲ್ಲದ ಮನುಷ್ಯ ಚೀಟಿಯನ್ನು ತಿದ್ದುವುದನ್ನು ಮರೆತರೇ? ಮೊದಲನೆಯದು ನಿಜವಾಗಿದ್ದರೆ ಕಥೆ ಚೆನ್ನಾಗಿರುತ್ತದೆ. ಅದಕ್ಕಾಗಿಯೇ ನಾನು ಅದನ್ನು ನಂಬುತ್ತಿಲ್ಲ.

ಫೈಲಿನಲ್ಲಿ ಮೂರನೆಯ ಹಾಳೆ ಸೇರಿಸಿದೆ. 'ಅಂದು ಗೇಟಿನಲ್ಲಿ ತಿಂದವಳು ನಾನು' ಎಂದು ಬರೆದು, ಈಗಿನ ಹುದ್ದೆಯ ಮುದ್ರೆ ಒತ್ತಿ, ಮೇಲಧಿಕಾರಿಗಳಿಗೆ ಪ್ರತಿ ಕಳಿಸಿದೆ. ಅದರಿಂದ ನನಗೇನಾಗುತ್ತದೋ ಇನ್ನೂ ಗೊತ್ತಾಗಿಲ್ಲ. ಆಮೇಲೆ ಬ್ಯಾಡಗಿ ಬಸ್ಸು ಹತ್ತಿದೆ.

ಅಕ್ಕ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಯಾರೆಂದು ಹೇಳಿದೆ.

"ಆಫೀಸಿನವ್ರು ಮಣ್ಣು ಕೊಟ್ಟ ದಿನ ಬಂದು ಹೋಗ್ಯಾರಲ್ಲ. ಮತ್ತೇನು?"

"ಅವತ್ತ ಮಿರ್ಚಿ ತಿಂದಾಕಿ ನಾನ್ರಿ. ಅವರು ಗೇಟಿಗೇ ಬಂದಿರಲಿಲ್ಲ. ನನ್ನ ಸಲುವಾಗಿ ತಮ್ಮ ಮ್ಯಾಲೆ ಬರಕೊಂಡ್ರು."

ಆಕೆಯ ಕೈ ನಿಲ್ಲಲಿಲ್ಲ. ನಾಲ್ಕೈದು ತೊಟ್ಟು ಮುರಿದಳು. ನಾನು ಚೀಟಿಯ ನಕಲು ಮುಂದೆ ಹಿಡಿದೆ. ಕಣ್ಣಿನ ಹತ್ತಿರ ತಂದು, ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತ ಓದಿದಳು.

"ಅಂವಂದ ಅಕ್ಷರ," ಎಂದಳು. ಆಮೇಲೆ, "ಅವ ಇದ್ದಾಗ ಹೇಳಾಕ ಏನಾಗಿತ್ತ? ಬಾಯಾಗಿನ ಮಿರ್ಚಿ ಇನ್ನೂ ನುಂಗಿರಲಿಲ್ಲೇನು?"

"ಹೆದರಿಕಿ ಇತ್ರಿ" ಎಂದೆ.

"ನಾ ಅವನ ಮಗನ ಲಗ್ನಕ್ಕ ಹೋಗಲಿಲ್ಲ. ಗೊತ್ತೈತೇನು ನಿನಗ? ಅಂವ ಕರಿಯಾಕ ಬಂದು ಇಲ್ಲೇ, ನೀ ನಿಂತಲ್ಲೇ ನಿಂತಿದ್ದ. ನಾ ಎಮ್ಮಿಗೆ ನೀರು ಕುಡಸ್ಕೋತ ಇದ್ದೆ. ತಿರುಗಿ ನೋಡಲಿಲ್ಲ."

ಆಕೆ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ಕಾದೆ. ಒಂದು ಕೈಯಲ್ಲಿ ಖಾಲಿ ಬಾಟ್ಲಿ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು, ತಂಬಿಗೆಯ ಬಾಯಿಗೆ ಸಾಬೂನು ಇಟ್ಟುಕೊಂಡು ಹೊರಬಂದಳು. "ನಡಿ" ಎಂದು ಕೆರೆಯ ಕಡೆ ಹೊರಟಳು. ಮೆಟ್ಟಿಲಿನ ಮೇಲೆ ನಿಲ್ಲಿಸಿ ನನ್ನ ಕೈಗೆ ನೀರು ಹಾಕಿದಳು.

"ಸಾಬಾಣ ಹಚ್ಚು. ಉಗುರಿನ ಸಂದಿ. ಇನ್ನೊಮ್ಮೆ."

ಎರಡು ಸಲ ತೊಳೆಸಿದಳು. ಆಮೇಲೆ ಬಾಟ್ಲಿ ಕೊಟ್ಟಳು. ನಾನು ಒಂದು ಮೆಟ್ಟಿಲು ಇಳಿದೆ. ಅಂಚಿನ ನೀರಿನಲ್ಲಿ ಕೆಂಪು ಛಾಯೆ ಇತ್ತು. ಇತ್ತು ಎಂದು ನನಗೆ ಕಂಡಿತು, ಇಳಿಬಿಸಿಲೂ ಇತ್ತು. ಬಾಟ್ಲಿ ತುಂಬಿ, ಮುಚ್ಚಿ, ಚೀಲದಿಂದ ಚೀಟಿ ತೆಗೆದು ಬರೆದೆ. ಆಕೆ ಹಿಂದಿನಿಂದ ಇಣುಕಿದಳು.

"ಎಲ್ಲಿ ನಿಂತಿದ್ದಿ ಅಂತ ಬರದಿ ಏನು?"

ಬರೆದಿದ್ದೆ: ಕೆರೆಯ ಎರಡನೇ ಮೆಟ್ಟಿಲು, ಎಡಗಾಲು ನೀರಿನಲ್ಲಿ. ತೋರಿಸಿದೆ.

"ಇದು ಕಾನೂನಿಗೆ ಆಗಂಗಿಲ್ರಿ," ಎಂದೆ. "ಸೋಮವಾರ ಪೆಟ್ಟಿಗಿ ತಗೊಂಡು ಬರ್ತೀನಿ. ಪೈಪಿನ ಬಾಯಾಗ, ಮ್ಯಾನೇಜರನ ಮುಂದ ತುಂಬತೀನಿ."

ಆಕೆ ತಂಬಿಗೆಯಲ್ಲಿ ಉಳಿದ ನೀರನ್ನು ತನ್ನ ಕೈಗೇ ಸುರಿದುಕೊಂಡು, ಸೆರಗಿಗೆ ಒರೆಸಿಕೊಂಡಳು. ಕ್ಷಮಿಸಿದ್ದೇನೆ ಎಂಬಂಥ ಯಾವುದೂ ಆ ಮುಖದಲ್ಲಿರಲಿಲ್ಲ.

"ಮೊದಲ ನಮ್ಮ ಮನಿಗೆ ಬಾ," ಎಂದಳು. "ರೊಟ್ಟಿ ಬಡದಿರ್ತೀನಿ. ಹಸಗೊಂಡು ಅವರ ಗೇಟಿಗೆ ಹೋಗಬ್ಯಾಡ."